ಮೊದಲ ಬಾರಿ ಇ-ಸಿಗರೇಟ್ ಕೊಳ್ಳುವ ಯೋಚನೆಯೇ? ಯಾವುದು ಒಳ್ಳೆಯದು ಎಂದು ಹುಡುಕುವ ಮುನ್ನ ಇದನ್ನು ಓದಿ

ಸಿಗರೇಟ್ ಬಿಡಬೇಕು ಅಂದುಕೊಂಡಿದ್ದೀರಿ. ಗೆಳೆಯರೊಬ್ಬರು 'ವೇಪ್ ಶುರು ಮಾಡು, ಹೊಗೆ ಇಲ್ಲ, ವಾಸನೆ ಇಲ್ಲ' ಎಂದಿದ್ದಾರೆ. ಸರಿ ಎಂದು ಮೊಬೈಲ್ ತೆಗೆದು ಹೊಸಬರಿಗೆ ಯಾವ ಸಾಧನ ಒಳ್ಳೆಯದು, ಬೆಲೆ ಎಷ್ಟು, ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತೀರಿ. ಈ ಹುಡುಕಾಟದಲ್ಲಿ ಬಹಳಷ್ಟು ಮಂದಿ ಮರೆಯುವ ವಿಷಯ ಒಂದಿದೆ. ಭಾರತದಲ್ಲಿ ಇ-ಸಿಗರೇಟ್ ಮಾರಾಟ ನಿಷೇಧವಾಗಿದೆ. ನೀವು ಬೆಂಗಳೂರಿನ ಜಯನಗರದಲ್ಲಿರಲಿ, ಕೆಲಸಕ್ಕೆಂದು ಗುಜರಾತಿಗೆ ಹೋಗಿ ವಡೋದರಾದ ಗೋರ್ವಾದಲ್ಲಿ ನೆಲೆಸಿರಲಿ, ಕಾನೂನು ಒಂದೇ.

ಕಾಯ್ದೆ ಏನು ಹೇಳುತ್ತದೆ?

ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. ಗುಜರಾತ್ ವಿಧಾನಸಭೆಯೂ 2019ರಲ್ಲಿ ನಿಷೇಧದ ಮಸೂದೆಗೆ ಒಪ್ಪಿಗೆ ನೀಡಿತು. ಅದೇ ವರ್ಷ ಸೆಪ್ಟೆಂಬರ್ 18ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಡಿಸೆಂಬರ್‌ನಲ್ಲಿ ಅದು ಸಂಸತ್ತಿನ ಕಾಯ್ದೆಯಾಯಿತು.

ಈ ಕಾಯ್ದೆ ಪ್ರಕಾರ ಇ-ಸಿಗರೇಟ್ ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ದಾಸ್ತಾನು ಮತ್ತು ಜಾಹೀರಾತು ಎಲ್ಲವೂ ಅಪರಾಧ. ಆನ್‌ಲೈನ್ ಮಾರಾಟವೂ ಇದರಲ್ಲಿ ಸೇರಿದೆ. ಪೂರ್ತಿ ಸಾಧನ ಮಾತ್ರವಲ್ಲ, ಅದರ ಬಿಡಿಭಾಗಗಳಿಗೂ ನಿಷೇಧ ಅನ್ವಯಿಸುತ್ತದೆ. ಇ-ಹುಕ್ಕಾ, ತಂಬಾಕನ್ನು ಸುಡದೆ ಬಿಸಿ ಮಾಡುವ ಸಾಧನಗಳೂ ಇದೇ ಪಟ್ಟಿಯಲ್ಲಿವೆ. ನಿಕೋಟಿನ್ ಇಲ್ಲದ ದ್ರವ ಎಂದು ಹೇಳಿಕೊಂಡರೂ ವಿನಾಯಿತಿ ಇಲ್ಲ.

ಶಿಕ್ಷೆ ಎಷ್ಟು?

* ತಯಾರಿಕೆ, ಆಮದು, ಮಾರಾಟ, ಜಾಹೀರಾತು: ಮೊದಲ ಬಾರಿ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂ.ವರೆಗೆ ದಂಡ, ಇಲ್ಲವೇ ಎರಡೂ.
* ಅದೇ ತಪ್ಪು ಮತ್ತೆ ಮಾಡಿದರೆ: 3 ವರ್ಷದವರೆಗೆ ಜೈಲು ಮತ್ತು 5 ಲಕ್ಷ ರೂ.ವರೆಗೆ ದಂಡ.
* ದಾಸ್ತಾನು: 6 ತಿಂಗಳವರೆಗೆ ಜೈಲು ಅಥವಾ 50 ಸಾವಿರ ರೂ.ವರೆಗೆ ದಂಡ, ಇಲ್ಲವೇ ಎರಡೂ.

'ಸೇದುವುದು ತಪ್ಪು ಎಂದು ಎಲ್ಲೂ ಬರೆದಿಲ್ಲವಲ್ಲ' ಎಂದು ಕೆಲವರು ವಾದಿಸುತ್ತಾರೆ. ಕಾಯ್ದೆಯ ಪಟ್ಟಿಯಲ್ಲಿ 'ಬಳಕೆ' ಎಂಬ ಪದ ಇಲ್ಲ ಎನ್ನುವುದು ನಿಜ. ಆದರೆ ಯಾವುದೇ ರೂಪದಲ್ಲಿ, ಎಷ್ಟೇ ಪ್ರಮಾಣದಲ್ಲಿ ಇ-ಸಿಗರೇಟ್ ಇಟ್ಟುಕೊಳ್ಳುವುದು ಕಾಯ್ದೆಯ ಉಲ್ಲಂಘನೆ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಹೇಳಿದೆ. ವಿದೇಶದಿಂದ ಬರುವಾಗ ಬ್ಯಾಗಿನಲ್ಲಿ ಒಂದು ತಂದರೂ ಅದು ಆಮದೇ.

ಹಾಗಾದರೆ ಅಂಗಡಿಯಲ್ಲಿ ಸಿಗುವುದು ಹೇಗೆ?

ಕಳ್ಳದಾರಿಯಲ್ಲಿ. ಇದಕ್ಕೆ ಗುಜರಾತಿನದ್ದೇ ಉದಾಹರಣೆ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದ ಅಧಿಕಾರಿಗಳು ಸೂರತ್ ಬಳಿ ಸುಮಾರು 20 ಕೋಟಿ ರೂ. ಮೌಲ್ಯದ 85 ಸಾವಿರಕ್ಕೂ ಹೆಚ್ಚು ಇ-ಸಿಗರೇಟ್ ವಶಪಡಿಸಿಕೊಂಡರು. ಕೆಲವೇ ದಿನಗಳಲ್ಲಿ ಮುಂದ್ರಾ ಬಂದರಿನಲ್ಲಿ 2 ಲಕ್ಷಕ್ಕೂ ಹೆಚ್ಚು ಇ-ಸಿಗರೇಟ್ ಸಿಕ್ಕವು. ಅವುಗಳ ಮೌಲ್ಯ ಸುಮಾರು 48 ಕೋಟಿ ರೂ. ದಾಖಲೆಯಲ್ಲಿ ಬೇರೆ ಸರಕಿನ ಹೆಸರು ತೋರಿಸಿ ಇವನ್ನು ತರಲಾಗಿತ್ತು.

ಹೀಗೆ ಬಂದ ಮಾಲಿಗೆ ಬಿಲ್ ಇಲ್ಲ, ಗ್ಯಾರಂಟಿ ಇಲ್ಲ. ಒಳಗೆ ಏನಿದೆ ಎಂದು ಪರೀಕ್ಷಿಸಿದವರಿಲ್ಲ. ತೊಂದರೆಯಾದರೆ ಗ್ರಾಹಕರ ವೇದಿಕೆಗೆ ಹೋಗುವ ದಾರಿಯೂ ಇಲ್ಲ. 'ಒಳ್ಳೆಯದನ್ನು ಆರಿಸುವುದು' ಇಲ್ಲಿ ಸಾಧ್ಯವೇ ಇಲ್ಲ.

ಒಳಗೆ ಏನಿರುತ್ತದೆ?

ಇ-ಸಿಗರೇಟಿನಲ್ಲಿ ಲಿಥಿಯಂ ಬ್ಯಾಟರಿ, ಬಿಸಿಯಾಗುವ ಕಾಯಿಲ್ ಮತ್ತು ದ್ರವದ ತೊಟ್ಟಿ ಇರುತ್ತವೆ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ ಮತ್ತು ಸಾಮಾನ್ಯವಾಗಿ ನಿಕೋಟಿನ್ ಬೆರೆತಿರುತ್ತವೆ. ತಂಬಾಕು ಸುಡುವುದಿಲ್ಲವಾದ್ದರಿಂದ ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಹುಟ್ಟುವುದಿಲ್ಲ. ಬ್ರಿಟನ್‌ನಲ್ಲಿ ಧೂಮಪಾನ ಬಿಡಲು ಬಯಸುವ ವಯಸ್ಕರಿಗೆ ಇದನ್ನು ಒಂದು ದಾರಿಯಾಗಿ ಸೂಚಿಸುವುದು ಇದೇ ಕಾರಣಕ್ಕೆ. ಆದರೆ ಅಲ್ಲಿ ನಿಕೋಟಿನ್ ಪ್ರಮಾಣಕ್ಕೆ ಮಿ.ಲೀ.ಗೆ 20 ಮಿ.ಗ್ರಾಂ ಎಂಬ ಮಿತಿ ಇದೆ. ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟವನ್ನು 2025ರ ಜೂನ್ 1ರಿಂದ ಅಲ್ಲೂ ನಿಷೇಧಿಸಲಾಗಿದೆ.

ಕಳ್ಳಮಾಲಿಗೆ ಇಂಥ ಮಿತಿ ಯಾವುದೂ ಇಲ್ಲ. ಪೊಟ್ಟಣದ ಮೇಲೆ '5%' ಎಂದಿದ್ದರೆ ಮಿ.ಲೀ.ಗೆ ಸುಮಾರು 50 ಮಿ.ಗ್ರಾಂ ನಿಕೋಟಿನ್ ಎಂದರ್ಥ. 2 ಮಿ.ಲೀ. ದ್ರವದಲ್ಲೇ 100 ಮಿ.ಗ್ರಾಂ ಆಯಿತು. ಒಂದು ಸಿಗರೇಟ್ ಸೇದಿದಾಗ ದೇಹ ಸೇರುವುದು 1ರಿಂದ 2 ಮಿ.ಗ್ರಾಂ ಮಾತ್ರ. ಮಾವು, ಪುದೀನ ಪರಿಮಳದಿಂದಾಗಿ ಗಂಟಲು ಉರಿಯದ ಕಾರಣ ಎಷ್ಟು ಸೇದಿದೆವು ಎಂಬ ಲೆಕ್ಕವೂ ಸಿಗುವುದಿಲ್ಲ. ಸಿಗರೇಟನ್ನೇ ಮುಟ್ಟದ ಕಾಲೇಜು ಹುಡುಗರು ಚಟಕ್ಕೆ ಬೀಳುವುದು ಹೀಗೆಯೇ.

ಅಮೆರಿಕದಲ್ಲಿ 2019-20ರಲ್ಲಿ ವೇಪಿಂಗ್‌ಗೆ ಸಂಬಂಧಿಸಿದ ಶ್ವಾಸಕೋಶದ ಹಾನಿಯಿಂದ 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, 68 ಮಂದಿ ಸಾವನ್ನಪ್ಪಿದರು. ಇವುಗಳಲ್ಲಿ ಹೆಚ್ಚಿನವು ಗಾಂಜಾ ಅಂಶದ ದ್ರವಗಳಿಗೆ, ಅದರಲ್ಲೂ ಅವುಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್‌ಗೆ ಸಂಬಂಧಿಸಿದ್ದವು. ಎಲ್ಲ ವೇಪ್‌ಗಳಿಗೂ ಈ ಲೆಕ್ಕ ಅನ್ವಯಿಸುವುದಿಲ್ಲ. ಆದರೆ ಮೂಲ ಗೊತ್ತಿಲ್ಲದ ದ್ರವವನ್ನು ಶ್ವಾಸಕೋಶಕ್ಕೆ ಎಳೆದುಕೊಂಡರೆ ಏನಾಗಬಹುದು ಎಂಬುದನ್ನು ಅದು ತೋರಿಸಿತು.

ಸಿಗರೇಟ್ ಬಿಡಬೇಕೆಂದರೆ ಏನು ಮಾಡಬೇಕು?

ಕಾನೂನು ಒಪ್ಪುವ, ಅಗ್ಗದ ದಾರಿಗಳಿವೆ.

ನಿಕೋಟಿನ್ ಗಮ್: 2 ಮಿ.ಗ್ರಾಂ ಗಮ್ ಮೆಡಿಕಲ್ ಶಾಪ್‌ಗಳಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. 4 ಮಿ.ಗ್ರಾಂ ಗಮ್‌ಗೆ ವೈದ್ಯರ ಚೀಟಿ ಬೇಕು. ಇದನ್ನು ಬಬಲ್ ಗಮ್‌ನಂತೆ ಒಂದೇ ಸಮನೆ ಅಗಿಯಬಾರದು. ನಿಧಾನವಾಗಿ ಅಗಿದು, ಖಾರ ಅನ್ನಿಸಿದಾಗ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ 15 ನಿಮಿಷ ಮುಂಚೆ ಕಾಫಿ, ಟೀ ಬೇಡ.

ಔಷಧ: ಬುಪ್ರೊಪಿಯಾನ್, ವರೆನಿಕ್ಲಿನ್ ಮಾತ್ರೆಗಳನ್ನು ವೈದ್ಯರ ಸಲಹೆ ಮೇರೆಗೆ ಮಾತ್ರ ಪಡೆಯಬೇಕು. ಬೆಳಗ್ಗೆ ಎದ್ದು ಅರ್ಧ ಗಂಟೆಯೊಳಗೆ ಸಿಗರೇಟ್ ಬೇಕೇಬೇಕು ಎನ್ನುವವರ ಚಟ ಗಟ್ಟಿಯಾದದ್ದು. ಅಂಥವರು ನೇರವಾಗಿ ವೈದ್ಯರನ್ನು ಕಾಣುವುದು ಒಳಿತು.

ಸಹಾಯವಾಣಿ: ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದ್ದು, ಕನ್ನಡದಲ್ಲೇ ಮಾತನಾಡಬಹುದು. ಗುಜರಾತಿನಲ್ಲಿ ಗುಜರಾತಿ ಬಾರದೆ, ಹಿಂದಿಯಲ್ಲಿ ಹೇಳಿಕೊಳ್ಳಲಾಗದೆ ಒದ್ದಾಡುವ ಕನ್ನಡಿಗರಿಗೂ ಇದು ನೆರವಾಗುತ್ತದೆ.

ಈಗಾಗಲೇ ಮನೆಯಲ್ಲಿ ವೇಪ್ ಇದ್ದರೆ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಅದರ ದ್ರವ ಸ್ವಲ್ಪ ಹೊಟ್ಟೆಗೆ ಹೋದರೂ ಮಗುವಿನ ಜೀವಕ್ಕೆ ಅಪಾಯ. ಹಾಗೇನಾದರೂ ಆದರೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.