ತೈಲ ಉರಿದುಹೋಗುತ್ತದೆ, ಲಿಥಿಯಂ ಉಳಿಯುತ್ತದೆ

ಬೆಂಗಳೂರಿನಲ್ಲಿ ತಯಾರಾದ ‘ರೇವಾ’ ವಿದ್ಯುತ್ ಕಾರು 2001ರಲ್ಲಿ ರಸ್ತೆಗಿಳಿದಾಗ ಅದರಲ್ಲಿದ್ದುದು ಭಾರವಾದ ಸೀಸ-ಆಮ್ಲದ ಬ್ಯಾಟರಿಗಳು. ಜಪಾನಿನ ಹೈಬ್ರಿಡ್ ಕಾರು ‘ಪ್ರಿಯಸ್’ ಕೂಡ ಆಗ ನಿಕ್ಕಲ್ ಬ್ಯಾಟರಿಯನ್ನೇ ನೆಚ್ಚಿಕೊಂಡಿತ್ತು. ಸೋನಿ ಕಂಪನಿ 1991ರಲ್ಲೇ ಮಾರುಕಟ್ಟೆಗೆ ತಂದಿದ್ದ ಲಿಥಿಯಂ-ಅಯಾನ್ ಬ್ಯಾಟರಿ ಕ್ಯಾಮೆರಾ, ಮೊಬೈಲುಗಳಿಗೆ ಸರಿ, ಕಾರಿಗೆ ದುಬಾರಿ ಎಂಬುದು ಅಂದಿನ ಎಣಿಕೆ.

ಆ ಎಣಿಕೆ ತಲೆಕೆಳಗಾಗಿದೆ. ಬ್ಲೂಮ್‌ಬರ್ಗ್ ಎನ್‌ಇಎಫ್ ಸಮೀಕ್ಷೆಯಂತೆ, 2010ರಲ್ಲಿ ಕಿಲೋವ್ಯಾಟ್-ಗಂಟೆಗೆ ಸಾವಿರ ಡಾಲರ್ ಮೀರಿದ್ದ ಬ್ಯಾಟರಿ ಬೆಲೆ 2024ರಲ್ಲಿ 115 ಡಾಲರಿಗೆ ಇಳಿಯಿತು. ಕೋಬಾಲ್ಟ್, ನಿಕ್ಕಲ್ ಬೇಡದ ಕಬ್ಬಿಣ-ಫಾಸ್ಫೇಟ್ ಬಗೆಯ ಬ್ಯಾಟರಿ ಇದಕ್ಕೊಂದು ಕಾರಣ. ಚೀನಾದ ಬೃಹತ್ ಉತ್ಪಾದನೆ ಇನ್ನೊಂದು.

ಕೊಲ್ಲಿಯ ತೈಲದ ಹಂಗು ಕಳೆದುಕೊಂಡು ಚೀನಾದ ಬ್ಯಾಟರಿಯ ಹಂಗಿಗೆ ಬಿದ್ದರೆ ಸಾಧಿಸಿದ್ದೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಬ್ಯಾಟರಿ ಕೋಶಗಳನ್ನು ಇಲ್ಲಿಯೇ ತಯಾರಿಸಲೆಂದು ಕೇಂದ್ರ ಸರ್ಕಾರ 2021ರಲ್ಲಿ 18,100 ಕೋಟಿ ರೂಪಾಯಿಗಳ ಪ್ರೋತ್ಸಾಹಧನ ಘೋಷಿಸಿದ್ದೂ ಇದೇ ಅಳುಕಿನಿಂದ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಒಂದು ಮುಖ್ಯ ವ್ಯತ್ಯಾಸ ಕಾಣುತ್ತದೆ. ಆಮದಾದ ತೈಲ ಉರಿದರೆ ಮುಗಿಯಿತು. ನಾಳೆ ಮತ್ತೆ ಕೊಳ್ಳಬೇಕು. ಲಿಥಿಯಂ ಹಾಗಲ್ಲ. ಬ್ಯಾಟರಿ ಸವೆದ ಮೇಲೂ ಅದು ಒಳಗೇ ಇರುತ್ತದೆ. ಮೊದಲನೆಯದು ಖರ್ಚು, ಎರಡನೆಯದು ಆಸ್ತಿ.

ನಮ್ಮ ನೆಲದ ನಿಕ್ಷೇಪವನ್ನೇ ನಂಬಿ ಕೂರುವಂತಿಲ್ಲ. ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಪ್ರದೇಶದಲ್ಲಿ ಅಂದಾಜಿಸಲಾದ ಲಿಥಿಯಂ 1,600 ಟನ್. ಕಾರೊಂದಕ್ಕೆ ಎಂಟು ಕಿಲೋ ಎಂದು ಲೆಕ್ಕ ಹಾಕಿದರೆ, ಅಷ್ಟನ್ನೂ ಹೊರತೆಗೆದರೂ ಎರಡು ಲಕ್ಷ ಕಾರುಗಳಿಗೆ ಮುಗಿದುಹೋಗುತ್ತದೆ. ಹಳೆಯ ಬ್ಯಾಟರಿಗಳೇ ನಮ್ಮ ನಿಜವಾದ ಗಣಿ.

ಈ ಗಣಿಗೆ ಕಾನೂನು ಇದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ತೊಡಕಿರುವುದು ಬೆಲೆಯಲ್ಲಿ. ಸೀಸದ ಬ್ಯಾಟರಿಯನ್ನು ಗುಜರಿಯವರು ಮನೆಬಾಗಿಲಿಗೆ ಬಂದು ಒಯ್ಯುತ್ತಾರೆ, ಸೀಸಕ್ಕೆ ಕಾಸಿದೆ. ಕಬ್ಬಿಣ-ಫಾಸ್ಫೇಟ್ ಬ್ಯಾಟರಿ ಅಗ್ಗವಾದದ್ದು ದುಬಾರಿ ಲೋಹಗಳಿಲ್ಲದ್ದರಿಂದ. ಅದೇ ಕಾರಣಕ್ಕೆ ಅದರ ಗುಜರಿ ಬೆಲೆಯೂ ಕಡಿಮೆ. ಮಾರುಕಟ್ಟೆಯೊಂದನ್ನೇ ನೆಚ್ಚಿದರೆ ಅದು ಹಿತ್ತಲಿನಲ್ಲಿ ಬಿದ್ದಿರುತ್ತದೆ, ಇಲ್ಲವೇ ಕಸದ ರಾಶಿ ಸೇರಿ ಬೆಂಕಿಗೆ ಕಾರಣವಾಗುತ್ತದೆ.

ಪರಿಹಾರ ಹೊಸದೇನಲ್ಲ. ಹಿಂದೆ ಅಂಗಡಿಯವರು ಸೋಡಾ ಬಾಟಲಿಗೆ ಠೇವಣಿ ಇರಿಸಿಕೊಂಡು, ಖಾಲಿ ಬಾಟಲಿ ತಂದಾಗ ಮರಳಿಸುತ್ತಿದ್ದರು. ವಾಹನ ಮಾರುವಾಗ ಬ್ಯಾಟರಿಗೂ ಅಂಥದೇ ಠೇವಣಿ ಇರಲಿ. ಕೊಳ್ಳುವವರಿಗೆ ಸಬ್ಸಿಡಿ ಕೊಡುವಾಗ ತೋರಿದ ಉತ್ಸಾಹವನ್ನು ಸರ್ಕಾರ ಈ ಸಣ್ಣ ಕೆಲಸದಲ್ಲೂ ತೋರಬೇಕು.