ಸ್ಟೀರಿಂಗಿನ ಎರಡು ಚಲನೆಗಳು

ಬಿಡದಿಯಲ್ಲಿ ಜೋಡಣೆಗೊಳ್ಳುವ ಟೊಯೊಟಾ ಹೈಲಕ್ಸ್‌ನಂತಹ ಎತ್ತರದ ಪಿಕಪ್ ವಾಹನವನ್ನೇರಿ ಕುಳಿತವನು, ಮೊದಲು ಆಸನವನ್ನು ಕಾಲುಗಳಿಗೆ ಒಪ್ಪುವಂತೆ ಸರಿಪಡಿಸಿಕೊಂಡು, ಆಮೇಲೆಯೇ ಸ್ಟೀರಿಂಗಿನ ಕೆಳಗಣ ಲಿವರಿನತ್ತ ಕೈ ನೀಡತಕ್ಕದ್ದು; ಈ ಕ್ರಮವನ್ನು ತಲೆಕೆಳಗು ಮಾಡುವವರೂ ಉಂಟು. ವಾಹನವು ನಿಶ್ಚಲವಾಗಿರುವಾಗ ಮಾತ್ರ ಲಿವರನ್ನು ಸಡಿಲಿಸಬೇಕು. ಆಗ ಸ್ಟೀರಿಂಗ್ ಚಕ್ರವು ಮೇಲಕ್ಕೂ ಕೆಳಕ್ಕೂ ಬಾಗುವುದಲ್ಲದೆ, ದುರ್ಬೀನಿನ ಕೊಳವೆಯಂತೆ ಎದೆಯತ್ತ ಚಾಚಿಕೊಳ್ಳುವುದು, ಹಿಂದಕ್ಕೂ ಸರಿಯುವುದು. ಬೆನ್ನು ಆಸನವನ್ನು ಬಿಡದಂತೆ ಕೈಯನ್ನು ನೀಡಿದಾಗ ಮಣಿಕಟ್ಟು ಚಕ್ರದ ಮೇಲಂಚನ್ನು ಮುಟ್ಟಬೇಕು, ವೇಗಮಾಪಕವು ಮರೆಯಾಗಬಾರದು. ಏರ್‌ಬ್ಯಾಗ್ ಚಕ್ರದ ನಡುವಿನಿಂದಲೇ ಕ್ಷಣಾರ್ಧದಲ್ಲಿ ಉಬ್ಬಿ ಬರುವುದಾದ್ದರಿಂದ, ಎದೆಮೂಳೆಗೂ ಚಕ್ರಕ್ಕೂ ನಡುವೆ ಕನಿಷ್ಠ 25 ಸೆಂಟಿಮೀಟರ್ ಅಂತರವಿರಲಿ. ಚಕ್ರದ ಮುಖವು ಮೋರೆಯತ್ತಲ್ಲ, ಎದೆಯತ್ತ ತಿರುಗಿರಲಿ. ಲಿವರನ್ನು ಬಿಗಿದ ಬಳಿಕ ಚಕ್ರವನ್ನೊಮ್ಮೆ ಎಳೆದು, ನೂಕಿ, ಅದು ಕದಲದೆಂಬುದನ್ನು ಪರೀಕ್ಷಿಸಿಕೊಳ್ಳಿರಿ.