ನಾಥಸಾಗರದ ಮೀನು, ನಮ್ಮ ತೋಳು



ಮದುವೆಯಾಗಿ ಬಿಡಕಿನ್‌ಗೆ ಬಂದ ಹೊಸತರಲ್ಲಿ ಇಲ್ಲಿಯ ಸಂತೆ ನೋಡಿ ನನ್ನ ಮುಖ ಬಾಡಿತ್ತು. ನಮ್ಮ ಉಡುಪಿಯ ಬಂಗುಡೆ, ಭೂತಾಯಿ ಇಲ್ಲೆಲ್ಲಿ? ಸಿಗುತ್ತಿದ್ದುದು ಪೈಠಣದ ನಾಥಸಾಗರದ ರೋಹು, ಕಟ್ಲಾ. ಗೋದಾವರಿಗೆ ಕಟ್ಟಿ 1976ರಲ್ಲಿ ಮುಗಿಸಿದ ಜಾಯಕವಾಡಿ ಅಣೆಕಟ್ಟಿನ ಜಲಾಶಯವದು. ಮೀನು ಮಾರುವ ಮಾವಶಿ ಒಮ್ಮೆ, "ಥಂಡಿಯಲ್ಲಿ ಮೀನು ಬೆಳೆಯುವುದಿಲ್ಲ" ಎಂದಳು. ನಾನು ಇಂಗ್ಲಿಷ್ ಬಿ.ಎ. ಓದಿದವಳು, ವಿಜ್ಞಾನ ನನ್ನದಲ್ಲ. ಆದರೂ ಯಾಕೆಂದು ಹುಡುಕಿ ಓದಿದೆ.

ಮೀನಿನ ಮೈಬಿಸಿ ನೀರಿನ ಬಿಸಿಯೇ. ರೋಹು, ಕಟ್ಲಾಗಳಿಗೆ 25ರಿಂದ 32 ಡಿಗ್ರಿ ಹಿತ. ನೀರು ತಣ್ಣಗಾದರೆ ಹಸಿವು ಕುಗ್ಗುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ತೀರಾ ಬಿಸಿಯಾದರೂ ಕಷ್ಟವೇ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ.

ನಮ್ಮ ತಟ್ಟೆಯ ಮೀನಿನ ತುಂಡು ಹೆಚ್ಚುಪಾಲು ಸ್ನಾಯುವೇ. ಸ್ನಾಯು ಬೆಳೆಯುವುದು ಎರಡು ಬಗೆಯಲ್ಲಿ: ಇರುವ ಎಳೆಗಳು ದಪ್ಪವಾಗುವುದು, ಹೊಸ ಎಳೆಗಳು ಹುಟ್ಟುವುದು. ಮನುಷ್ಯರಲ್ಲಿ ಎಳೆಗಳ ಲೆಕ್ಕ ಹುಟ್ಟುವ ಹೊತ್ತಿಗೇ ಬಹುಮಟ್ಟಿಗೆ ಮುಗಿದಿರುತ್ತದೆ. ದೊಡ್ಡದಾಗಿ ಬೆಳೆಯುವ ಮೀನುಗಳಿಗೆ ಮೊಟ್ಟೆಯೊಡೆದ ಮೇಲೂ ಬಹುಕಾಲ ಹೊಸ ಎಳೆಗಳು ಬರುತ್ತಲೇ ಇರುತ್ತವೆ. ವಯಸ್ಸಾದಂತೆ ಅದೂ ನಿಂತು, ಇದ್ದವು ದಪ್ಪವಾಗುವುದಷ್ಟೇ ಉಳಿಯುತ್ತದೆ.

ಇನ್ನೊಂದು ಸೋಜಿಗ ಕೇಳಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಇಯಾನ್ ಜಾನ್‌ಸ್ಟನ್ ಮತ್ತು ಸಂಗಡಿಗರು ಸಾಲ್ಮನ್ ಮೀನಿನ ಮೊಟ್ಟೆಗಳನ್ನು ಬೇರೆ ಬೇರೆ ಬಿಸಿಯ ನೀರಿನಲ್ಲಿಟ್ಟರು. ಅದೂ ಒಳಗಿನ ಮರಿಗೆ ಕಣ್ಣು ಮೂಡುವವರೆಗೆ ಮಾತ್ರ. ಆಮೇಲೆ ಎಲ್ಲಕ್ಕೂ ಒಂದೇ ರೀತಿಯ ನೀರು. ಆದರೂ ಬೆಳೆದು ದೊಡ್ಡವಾದ ಮೀನುಗಳಲ್ಲಿ ಎಳೆಗಳ ಸಂಖ್ಯೆ ಬೇರೆ ಬೇರೆ ಇತ್ತು! ಈ ವರದಿ ಬಂದದ್ದು 2008ರಲ್ಲಿ. ಮೊಟ್ಟೆಯೊಳಗಿನ ಕೆಲವು ವಾರ ಇಡೀ ಬಾಳಿಗೆ ಗುರುತು ಬಿಟ್ಟಿತ್ತು.

ಇದನ್ನೆಲ್ಲ ನಿಮಗೇಕೆ ಹೇಳುತ್ತಿದ್ದೇನೆ ಗೊತ್ತೇ? ಕಳೆದ ಬೇಸಿಗೆಯಲ್ಲಿ ತುಂಬಿದ ಕೊಡ ಎತ್ತುವಾಗ ನನ್ನ ಕೈ ನಡುಗಿ, ನೀರೆಲ್ಲ ಅಂಗಳದ ಪಾಲಾಯಿತು. ಐವತ್ತು ದಾಟಿದ ಮೈಯಲ್ಲಿ ಎಳೆಗಳು ಸವೆಯುತ್ತವೆ, ಹೊಸದು ಹುಟ್ಟುವುದಿಲ್ಲ. ಇರುವುದನ್ನು ಗಟ್ಟಿ ಮಾಡಿಕೊಳ್ಳಬಹುದು, ಅಷ್ಟೇ. ಅದಕ್ಕೆ ಯಾವ ವಯಸ್ಸಿನಲ್ಲೂ ಬಾಗಿಲು ಮುಚ್ಚಿಲ್ಲ. ನಾನೀಗ ದಿನವೂ ಕುರ್ಚಿಯಿಂದ ಕೈಯೂರದೆ ಇಪ್ಪತ್ತು ಸಲ ಏಳುತ್ತೇನೆ. ನೋಡಿ ನನ್ನ ಮಗಳು ನಗುತ್ತಾಳೆ.

ನಗಲಿ. ಆದರೆ ನೀವು ನನ್ನಂತೆ ಕೊಡ ಜಾರುವವರೆಗೆ ಕಾಯಬೇಡಿ. ನಿಮ್ಮ ವಯಸ್ಸಿನಲ್ಲಿ ಕೂಡಿಟ್ಟ ಬಲವೇ ನನ್ನ ವಯಸ್ಸಿನಲ್ಲಿ ಕೈಹಿಡಿಯುವುದು.